ಎರಡನೆಯ ರೊಟ್ಟಿ

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹೋಟೆಲುಗಳಲ್ಲಿ ಕೂರಲು ಜಾಗ ಸಿಗದ ದಿನವೂ ಅನಂತಮ್ಮನ ಹೋಟೆಲಿನಲ್ಲಿ ಮಣೆಗಳು ಖಾಲಿ ಇರುತ್ತಿದ್ದವು. ಜೈನರ ಬೀದಿಯ ಒಳಗಿದ್ದ ಆ ಮನೆಗೆ ಬೋರ್ಡಿರಲಿಲ್ಲ. ರೊಟ್ಟಿಗೆ ಈರುಳ್ಳಿ ಹಾಕುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ಒಲೆ ಆರುತ್ತಿತ್ತು. ಆದರೆ ಅವರೆಕಾಳು, ಕಾಯಿತುರಿ ಸೇರಿಸಿ ತಟ್ಟಿದ ಆ ಅಕ್ಕಿರೊಟ್ಟಿಯನ್ನು ಬೆಣ್ಣೆಯ ಜೊತೆ ಒಮ್ಮೆ ತಿಂದವರು ಬೇರೆ ಕಡೆ ಹೋಗುತ್ತಿರಲಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತ ದೇವಯ್ಯ ಒಂದು ವರ್ಷದಿಂದ ಅಲ್ಲೇ ಉಣ್ಣುತ್ತಿದ್ದ. ಅವನ ಷರಟು, ಮಾತು ನೋಡಿ ಅನಂತಮ್ಮ ತಾನೇ ಒಂದು ಜಾತಿ ಊಹಿಸಿಕೊಂಡಿದ್ದಳು, ಅವನು ತಿದ್ದಿರಲಿಲ್ಲ. ಪಕ್ಕದ ಮನೆಯಲ್ಲಿ ಬಾಡಿಗೆ ಕೋಣೆ ಕೊಡಿಸಿದವಳೂ ಅವಳೇ. ಹೊಲೆಯರವನೆಂದು ಗೊತ್ತಾದರೆ ಊಟದ ಜೊತೆ ಕೋಣೆಯೂ ಹೋಗುತ್ತಿತ್ತು. ಅಸ್ಪೃಶ್ಯತೆ ಅಪರಾಧವೆಂಬ ಪ್ರಕಟಣೆಯನ್ನು ಕಚೇರಿಯ ಗೋಡೆಗೆ ಅಂಟಿಸಿದವನು ಅವನೇ. ಯಾರೂ ನಿಂತು ಅದನ್ನು ಓದಿದ್ದನ್ನು ಅವನು ಕಂಡಿರಲಿಲ್ಲ.

ಒಂದು ದಿನ ನುಗ್ಗೇಹಳ್ಳಿ ಕಡೆಯಿಂದ ಅವನ ತಾಯಿ ಹೊನ್ನಕ್ಕ ಬಸ್ಸಿನಲ್ಲಿ ಬಂದಳು. ಮಗ ಹೇಳುತ್ತಿದ್ದ ರೊಟ್ಟಿಯನ್ನು ಒಮ್ಮೆ ತಿನ್ನಬೇಕೆಂದು ಅವಳಿಗೆ ಆಸೆ. ಬೇಡ ಎನ್ನಲು ದೇವಯ್ಯನಿಗೆ ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಹೇಳಿಕೊಟ್ಟ.

“ಅವ್ವ, ಬಾಗಿಲಲ್ಲಿ ನಿಲ್ಬ್ಯಾಡ. ಒಳೀಕೆ ಬಂದು ಮಣೆ ಮ್ಯಾಲೆ ಕೂತ್ಕೊ. ಎಲೆ ಎತ್ಬ್ಯಾಡ. ಲೋಟ ತೊಳೀಬ್ಯಾಡ.”

“ಇನ್ನೇನ್ಲಾ ಮಾಡ್ಲಿ? ಮಾರಾಣಿ ಅಂಗೆ ಕೂತು ತಿನ್ನಾದಾ?” ಎಂದು ಅವಳು ನಕ್ಕಳು.

ಒಳಗೆ ಬಟ್ಟೆ ಅಂಗಡಿಯ ಶಾಂತಿರಾಜ ಒಬ್ಬನೇ ಉಣ್ಣುತ್ತಿದ್ದ. ಮಗ ಹೇಳಿಕೊಟ್ಟಂತೆಯೇ ಹೊನ್ನಕ್ಕ ಮಣೆಯ ಮೇಲೆ ಕೂತಳು. “ಬೆಣ್ಣೆ ಕಣ್ಲಾ!” ಎಂದು ಮಗನ ಕಿವಿಯಲ್ಲಿ ಪಿಸುಗುಟ್ಟಿದಳು. ರೊಟ್ಟಿಯೊಳಗಿನ ಹಸಿಮೆಣಸಿನಕಾಯಿ ಹಲ್ಲಿಗೆ ಸಿಕ್ಕಿ ಕೆಮ್ಮು ಬಂತು.

ಅನಂತಮ್ಮ ಲೋಟದಲ್ಲಿ ನೀರು ಹಿಡಿದು ಓಡಿಬಂದಳು. “ಖಾರ ಆಯ್ತಾ? ತಗೊಳ್ಳಿ. ದೇವಯ್ಯನೋರೇ, ನಿಮ್ಮ ತಾಯಿಯವರಾ?”

ಹೊನ್ನಕ್ಕ ಲೋಟ ಮುಟ್ಟಲಿಲ್ಲ. ಬಗ್ಗಿ, ಎರಡೂ ಕೈ ಸೇರಿಸಿ ಬಾಯಿಯ ಕೆಳಗೆ ಬೊಗಸೆ ಹಿಡಿದು, ಮೇಲಿನಿಂದ ನೀರು ಹೊಯ್ಯಲೆಂದು ಕಾದಳು. ದೇವಯ್ಯ ಇದೊಂದನ್ನು ಹೇಳಿಕೊಟ್ಟಿರಲಿಲ್ಲ.

ಶಾಂತಿರಾಜನ ಕೈ ಎಲೆಯ ಮೇಲೆಯೇ ನಿಂತಿತು. “ಯಾರ್ರೀ ಗುಮಾಸ್ತರೇ ಇವಳು?”

“ನಮ್ಮ ಹೊಲದ ಆಳು,” ಎಂದ ದೇವಯ್ಯ. “ಊರಿಂದ ರಾಗಿ ತಂದಿದ್ಲು. ಹಸಿವು ಅಂದ್ಲು...”

“ಆಳಾದ್ರೆ ಜಗಲಿ ಕೆಳಗೆ ಕೂರಿಸೋದಲ್ವಾ?” ಅನಂತಮ್ಮ ಲೋಟ ಹಿಂದಕ್ಕೆಳೆದುಕೊಂಡಳು. “ನಾಲ್ಕಕ್ಷರ ಓದಿದ್ರೆ ನಿಮಗೆಲ್ಲ ತಲೆ ಕೆಡುತ್ತೆ. ಏಳೇ! ಹಿತ್ತಲಲ್ಲಿ ಸಗಣಿ ಇದೆ, ಕೂತ ಜಾಗ ಸಾರಿಸು. ಆಮೇಲೆ ನಾನು ನೀರು ಚಿಮುಕಿಸ್ಕೋತೀನಿ.”

ಹೊನ್ನಕ್ಕ ಮಗನನ್ನು ನೋಡಿದಳು. ಎಲೆ ಮಡಚಿಕೊಂಡು ಎದ್ದಳು. “ತಪ್ಪಾಯ್ತು ಕಣ್ರವ್ವ. ಬುದ್ಧಿಯೋರು ಒಳ್ಳೇವ್ರು, ಕೂತ್ಕೊ ಅಂದ್ಬುಟ್ರು. ನಾನಾದ್ರೂ ಬ್ಯಾಡ ಅನ್ಬೇಕಿತ್ತು.”

ದೇವಯ್ಯನ ಎಲೆಗೆ ಎರಡನೆಯ ರೊಟ್ಟಿ ಬಿತ್ತು. “ನೀವು ತಿನ್ನಿ, ಆರಿಹೋಗುತ್ತೆ,” ಎಂದಳು ಅನಂತಮ್ಮ. ಶಾಂತಿರಾಜ ನೋಡುತ್ತಿದ್ದ. ದೇವಯ್ಯ ರೊಟ್ಟಿ ಮುರಿದ. ಪಕ್ಕದಲ್ಲೇ ತಾಯಿಯ ಕೈ ಸಗಣಿ ಸಾರಿಸುತ್ತ ಅವನ ಎಲೆಯ ಹತ್ತಿರ ಬಂತು. ಎಲೆಗೆ ತಾಗದಂತೆ ಹಿಂದೆ ಸರಿಯಿತು. ಅವನು ಅಗಿಯುತ್ತಲೇ ಇದ್ದ.

ಅನಂತಮ್ಮನಿಗೆ ಕನಿಕರ ಬಂತು. “ಮಕ್ಕಳೆಷ್ಟೇ ನಿಂಗೆ?”

“ಒಬ್ಬ ಇದ್ದ ಕಣ್ರವ್ವ.”

“ಏನಾದ?”

“ಪಟ್ಣಕ್ಕೋದ. ಈಗಿಲ್ಲ.”

“ಪಾಪ,” ಎಂದು ಅನಂತಮ್ಮ ಲೊಚಗುಟ್ಟಿದಳು. ಅಂಗಳಕ್ಕಿಳಿದ ಹೊನ್ನಕ್ಕನ ಸೆರಗಿಗೆ ಹೊಸ್ತಿಲಿನಿಂದಲೇ ಒಂದು ರೊಟ್ಟಿ ಎಸೆದಳು.

ದೇವಯ್ಯ ಕೈ ತೊಳೆದು ಹೊರಗೆ ಬಂದಾಗ ಹೊನ್ನಕ್ಕ ಬೀದಿಯ ಅಂಚಿನಲ್ಲಿ ನಿಂತಿದ್ದಳು. ರೊಟ್ಟಿ ಸೆರಗಿನಲ್ಲೇ ಇತ್ತು.

“ಅವ್ವ, ಬಾ,” ಎಂದ ಮೆಲ್ಲಗೆ.

“ನೀವು ಮುಂದೆ ನಡೀರಿ ಬುದ್ಧಿ,” ಎಂದಳು ಅವಳು. “ಜನ ಅವ್ರೆ.”

ಬೀದಿಯಲ್ಲಿ ಯಾರೂ ಇರಲಿಲ್ಲ. ದೇವಯ್ಯ ಅವಳತ್ತ ಒಂದು ಹೆಜ್ಜೆ ಇಟ್ಟ. ಆಗ ಶಾಂತಿರಾಜ ಎಲೆಯಡಿಕೆ ಅಗಿಯುತ್ತ ಬಾಗಿಲಿಗೆ ಬಂದ. ದೇವಯ್ಯ ತಿರುಗಿ ಮುಂದೆ ನಡೆದ.