ಶೋಕೇಸಿನಲ್ಲಿ ಕೂತ ಭಾವ

ನಮ್ಮಕ್ಕ ನೋರ್ಮಾಗೆ ಅಸುಲ್ ಎಂಬ ಸಣ್ಣ ಊರಿನಲ್ಲಿ ಉಣ್ಣೆ, ಗುಂಡಿ, ಲೇಸು ಮಾರುವ ಅಂಗಡಿ. ಅದರ ಶೋಕೇಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಮಾಲು ಬಂದಾಗಲೆಲ್ಲ ಹಳೆಯದರ ಮೇಲೆ ಪೇರಿಸುತ್ತಿದ್ದಳು. ಎದುರಿನ ಚಪ್ಪಲಿ ಅಂಗಡಿಯವರು ದೀಪಗೀಪ ಹಾಕಿ ತಮ್ಮ ಶೋಕೇಸನ್ನು ಸಿಂಗರಿಸಿದ್ದೇ ತಡ, ಅವಳಿಗೆ ನಿದ್ದೆ ಹಾರಿಹೋಯಿತು. ಆಗಸ್ಟಿನಲ್ಲಿ ಮೂರು ದಿನ ರಜೆ ಒಟ್ಟಿಗೆ ಸಿಕ್ಕಾಗ, ಭಾವ ಅತೀಲಿಯೊನನ್ನೂ ನನ್ನನ್ನೂ ಬಸ್ಸು ಹತ್ತಿಸಿ ರಾಜಧಾನಿ ಬ್ಯೂನಸ್ ಐರಿಸ್‌ಗೆ ಕರೆದುಕೊಂಡು ಹೋದಳು.

ಭಾವನಿಗೆ ಫುಟ್‌ಬಾಲ್ ಪಂದ್ಯ ನೋಡುವ ಆಸೆ. ಅಕ್ಕ ತೋರಿಸಿದ್ದು ಸಾಂತಾ ಫೆ ಬೀದಿಯ ಎರಡು ಬದಿ. ಒಂದೊಂದು ಅಂಗಡಿಯ ಮುಂದೂ ನಿಂತು, ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಅಳತೆಪಟ್ಟಿಯನ್ನು ಗಾಜಿಗೆ ಹಿಡಿದು, ಒಳಗಿನ ವಸ್ತುಗಳ ನಡುವೆ ಎಷ್ಟೆಷ್ಟು ಜಾಗ ಬಿಟ್ಟಿದ್ದಾರೆ ಎಂದು ಬರೆದುಕೊಂಡಳು. ಒಂದು ಕಡೆ ಅಷ್ಟಗಲದ ಶೋಕೇಸಿನಲ್ಲಿ ಇದ್ದದ್ದು ಒಂದೇ ಟೋಪಿ.

"ಅಯ್ಯೋ ಪಾಪ, ಕಳ್ಳರು ನುಗ್ಗಿರ್ಬೇಕು," ಎಂದ ಭಾವ.

"ಬಾಯ್ಮುಚ್ಕೊಂಡು ನೋಡಿ. ಕಣ್ಣು ಸೀದಾ ಟೋಪಿ ಮೇಲೇ ಹೋಗುತ್ತೆ."

"ನನ್ನ ಕಣ್ಣು ಪಿಜ್ಜಾ ಅಂಗಡಿ ಮೇಲೇ ಹೋಗ್ತಿದೆ ಕಣೇ."

ಪಿಜ್ಜಾ ತಿನ್ನಿಸಿ ಮುಂದೆ ನಡೆದರೆ ಒಂದು ಉಣ್ಣೆ ಅಂಗಡಿ. ಶೋಕೇಸು ಪೂರ್ತಿ ಖಾಲಿ; ಒಂದು ಏಣಿ, ಒಂದು ಕುರ್ಚಿ, ಅಷ್ಟೇ. ಅಕ್ಕ ಮೈಮರೆತು ಒಳಗೆ ನುಗ್ಗಿದಳು. ಕತ್ತಿನಲ್ಲಿ ಅಳತೆಪಟ್ಟಿ, ಕಾಲರಿನಲ್ಲಿ ಸಾಲಾಗಿ ಗುಂಡುಪಿನ್ನು. ಮಾಲೀಕಳು ಅವಳನ್ನು ನೋಡಿದ್ದೇ ಹರಿಹಾಯ್ದಳು.

"ಒಂಬತ್ತಕ್ಕೆ ಕಳಿಸ್ತೀವಿ ಅಂದಿದ್ರು ನಿಮ್ಮ ಕಂಪನಿಯೋರು, ಇದೇನಮ್ಮ ಬರೋ ಹೊತ್ತು? ಅಲಂಕಾರಕ್ಕೆ ಎಲ್ಲಾ ತೆಗೆದಿಟ್ಟು ಕಾಯ್ತಾ ಕೂತಿದೀನಿ!"

ಅಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿ ಬೇಡವೆಂದೆ.

"ಟ್ರಾಫಿಕ್ಕು," ಎಂದಳು ಅಕ್ಕ.

"ಇವರಿಬ್ರು ಯಾರು?"

"ನನ್ನ ಸಹಾಯಕರು."

ನನ್ನನ್ನು ಏಣಿ ಹತ್ತಿಸಿದಳು. ಉಣ್ಣೆಯ ಲಡಿ ನೇತುಹಾಕಲು ಏನೂ ಸಿಗದೆ, ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಕೈ ಮುಂದೆ ಚಾಚಿಸಿ ಕೆಂಪು ಲಡಿ ಸುತ್ತಿದಳು. ಹೊಟ್ಟೆಯಲ್ಲಿ ಪಿಜ್ಜಾ, ಗಾಜಿನಿಂದ ಬೆಚ್ಚನೆಯ ಬಿಸಿಲು. ಐದು ನಿಮಿಷದಲ್ಲಿ ಭಾವ ಕೈ ಚಾಚಿದಂತೆಯೇ ನಿದ್ದೆಹೋದ.

ಹೊರಗೆ ಜನ ಸೇರಿದರು. ಕುರ್ಚಿಯಲ್ಲಿನ ಗೊಂಬೆ ಮೇಣದ್ದೋ ರಬ್ಬರಿನದ್ದೋ ಎಂದು ಇಬ್ಬರು ಹೆಂಗಸರಿಗೆ ವಾದ ಹತ್ತಿತು. ನೋಡಿಯೇ ಬಿಡೋಣವೆಂದು ಒಳಗೆ ಬಂದು, ಬಂದ ತಪ್ಪಿಗೆ ಉಣ್ಣೆ ಕೊಂಡರು. ಅವರ ಹಿಂದೆ ಇನ್ನೂ ಹತ್ತು ಜನ. ಅಷ್ಟರಲ್ಲಿ ಕಪ್ಪು ಬಟ್ಟೆಯ ಸಣಕಲು ಮನುಷ್ಯನೊಬ್ಬ ಪೆಟ್ಟಿಗೆ ಹಿಡಿದು ಬಂದ. ನಿಜವಾದ ಅಲಂಕಾರದವನು ಅವನೇ. ಅಕ್ಕನ ಮುಖ ಬಿಳಿಚಿಕೊಂಡಿತು. ಅವನು ಭಾವನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಮೂಗು ನೋಡಿದ.

"ಅದ್ಭುತ. ಹೊಟ್ಟೆ ಎಷ್ಟು ಸಹಜವಾಗಿದೆ! ಈ ಗೊಂಬೆ ಎಲ್ಲಿ ಮಾಡಿಸಿದ್ರಿ?"

ಭಾವ ಕಣ್ಣು ಬಿಟ್ಟು, "ಯಾವನಯ್ಯಾ ನೀನು?" ಎಂದ.

ಅವನ ಪೆಟ್ಟಿಗೆ ಕೆಳಗೆ ಬಿತ್ತು. ಮಾಲೀಕಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಭಾವನನ್ನು ಸೋಮವಾರದವರೆಗೆ ಬಿಟ್ಟುಹೋಗಿ ಎಂದು ಅಂಗಲಾಚಿದಳು. ಅಕ್ಕ ಒಂದು ಗಳಿಗೆ ಯೋಚಿಸಿದ್ದನ್ನು ಭಾವ ಇವತ್ತಿಗೂ ಕ್ಷಮಿಸಿಲ್ಲ.

ಊರಿಗೆ ಬಂದವಳೇ ಅಕ್ಕ ನಮ್ಮ ಶೋಕೇಸಿನಿಂದ ಹದಿನಾಲ್ಕು ಪೆಟ್ಟಿಗೆ ಸಾಮಾನು ಇಳಿಸಿ, ಬಿಳಿ ಬಟ್ಟೆ ಹಾಸಿ, ನಡುವೆ ಒಂದೇ ಒಂದು ನೀಲಿ ಉಣ್ಣೆಯುಂಡೆ ಇಟ್ಟಳು. ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ: ನೋರ್ಮಾ ಅಂಗಡಿ ಮುಚ್ಚುತ್ತಾಳಂತೆ. ಪಕ್ಕದ ಬೀದಿಯ ಮುದುಕಿ ಎರ್ಸೀಲಿಯಾ ಹಣ್ಣಿನ ಕೇಕು ಹಿಡಿದು ಸಂತೈಸಲು ಬಂದಳು.

"ಇದು ಅಲಂಕಾರ ಅಜ್ಜೀ! ರಾಜಧಾನೀಲೆಲ್ಲ ಹೀಗೇ ಇಡೋದು!"

"ಹೂಂ ಮಗಳೇ. ಮೊದಮೊದಲು ಎಲ್ರೂ ಹಾಗೇ ಹೇಳ್ತಾರೆ."

ಅಜ್ಜಿ ಆರು ಉಂಡೆ ಕೊಂಡಳು. ಅವಳ ಹಿಂದೆ ಊರಿನವರೆಲ್ಲ ಕನಿಕರಪಟ್ಟು ಬಂದು, ಮತ್ತೆ ಸಿಗುತ್ತದೋ ಇಲ್ಲವೋ ಎಂದು ಗುಂಡಿ, ಲೇಸು, ದಾರ ಬಾಚಿಕೊಂಡರು. ಅಕ್ಕ ಎರಡು ದಿನ ಎಲ್ಲರಿಗೂ ವಿವರಿಸಿದಳು. ಮೂರನೆಯ ದಿನ ಬಾಯಿ ಸೋತು, ತಲೆ ತಗ್ಗಿಸಿ ನಿಟ್ಟುಸಿರು ಬಿಡುತ್ತಾ ಪೊಟ್ಟಣ ಕಟ್ಟಿಕೊಡತೊಡಗಿದಳು.