ಎಕ್ಸ್‌ರೇ ಕೋಣೆಯ ಕಂಪ್ಯೂಟರು

ಮಧುಕರ್ ಯೆರವಡಾದ ಆ ತಪಾಸಣಾ ಕೇಂದ್ರ ತಲುಪಿದಾಗ ಹತ್ತೂಕಾಲು ಗಂಟೆ. ಹಿಂಜವಾಡಿಯಿಂದ ಬೈಕಿನಲ್ಲಿ ಬರುವಷ್ಟರಲ್ಲೇ ಅರ್ಧ ದಿನದ ದಣಿವು ಆಗಿಹೋಗಿತ್ತು. ಮದ್ದೂರಿನಲ್ಲಿ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಕೆಟ್ಟುಹೋದ ಕಂಪ್ಯೂಟರುಗಳ ರಿಪೇರಿ. ಆ ವಾರದಲ್ಲಿ ಅವನಿಗೆ ಒಂದು ದಿನವೂ ರಜೆ ಸಿಕ್ಕಿರಲಿಲ್ಲ.

ಕೇಂದ್ರವೆಂದರೆ ಒಂದು ಸಣ್ಣ ಟ್ರಸ್ಟಿನವರು ಓಣಿಯೊಳಗೆ ನಡೆಸುವ ಎರಡು ಕೋಣೆ. ಕಟ್ಟಡ ಕೆಲಸದವರು, ಕಲ್ಲುಗಣಿಯವರು ಎದೆ ತೋರಿಸಿಕೊಳ್ಳಲು ಅಲ್ಲಿಗೆ ಬರುತ್ತಿದ್ದರು. ವಾರಕ್ಕೆರಡು ದಿನ ಸಂಜೆ ಡಾಕ್ಟರ್ ಶರ್ವರಿ ಬರುತ್ತಿದ್ದರು. ಉಳಿದಂತೆ ಎಕ್ಸ್‌ರೇ ತೆಗೆಯುವುದು, ಹೆಸರು ಬರೆದುಕೊಳ್ಳುವುದು, ಕಸ ಹೊಡೆಯುವುದು, ಬೀಗ ಹಾಕುವುದು ಎಲ್ಲವೂ ಶಿವಕಾಂತಾ ಒಬ್ಬಳದೇ. ಎಕ್ಸ್‌ರೇ ಯಂತ್ರಕ್ಕೆ ಜೋಡಿಸಿದ್ದ ಕಂಪ್ಯೂಟರು ಹೋದ ಗುರುವಾರದಿಂದ ಸತ್ತು ಬಿದ್ದಿತ್ತು.

ಮಧುಕರ್ ಚೀಲ ಕೆಳಗಿಟ್ಟು, ಆಫೀಸಿನ ಸುಖೇಶನಿಗೆ ಫೋನ್ ಮಾಡಿ, ತಲುಪಿದ್ದೇನೆ ಎಂದು ಹೇಳಿದ. ಅದನ್ನು ಕೇಳಿಸಿಕೊಂಡ ಶಿವಕಾಂತಾಳ ಮುಖ ಅರಳಿತು.

“ಅಯ್ಯ, ಕನ್ನಡದವ್ರೇನ್ರಿ ಸರ? ನಮ್ಮದು ಆಳಂದ ತಾಲೂಕ್ರಿ. ಅಂದ್ರ ಅಪ್ಪ-ಅವ್ವಂದು. ನಾ ಹುಟ್ಟಿದ್ದು ಇಲ್ಲೇ.”

“ಹೌದಾ ಮೇಡಂ. ನಮ್ದು ಮಂಡ್ಯ ಕಡೆ.”

ಬೆಂಚಿನ ಮೇಲೆ ಒಬ್ಬ ಗಂಡಸು ಗೋಡೆಗೊರಗಿ ಕೂತಿದ್ದ. ಐವತ್ತು ದಾಟಿರಲಾರದು, ನೋಡಿದರೆ ಎಪ್ಪತ್ತು ಅನ್ನಿಸುತ್ತಿತ್ತು. ಎರಡು ಮಾತಾಡಿದರೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಾಗಿತ್ತು.

“ಇವ್ರು ಭೀಮಣ್ಣಾರು,” ಎಂದಳು ಶಿವಕಾಂತಾ. “ಇಪ್ಪತ್ತು ವರ್ಷ ಕಲ್ಲು ಒಡ್ಯೋ ಕ್ರಷರ್‌ದಾಗ ದುಡದಾರ. ನಾಳಿ ಹತ್ತಕ್ಕ ದೊಡ್ಡ ದವಾಖಾನಿದಾಗ ಮೆಡಿಕಲ್ ಬೋರ್ಡ್ ಅದ್ರಿ. ಮೂರು ವರ್ಷದ ಎಕ್ಸ್‌ರೇ ಕೇಳ್ಯಾರ. ಪರಿಹಾರ ಸಿಗಬೇಕಂದ್ರ ಕಲ್ಲಿನ ಧೂಳಿನಿಂದೇ ಎದಿ ಹಿಂಗ ಆಗ್ಯದ ಅಂತ ತೋರಸಬೇಕು. ಪ್ರಿಂಟ್ ಕೊಟ್ಟಿದ್ದು ಜೋಪಡಿ ಬದಲಿ ಮಾಡುವಾಗ ಕಳದಾವ. ಉಳದದ್ದೆಲ್ಲಾ ಇದ್ರಾಗೇ ಅವ.” ಅವಳು ಕಂಪ್ಯೂಟರಿನ ಕಡೆ ಕೈ ಮಾಡಿದಳು. “ಡಾಕ್ಟರ್ ಮೇಡಮ್ಮೋರು ಇವತ್ತು ಸಂಜಿಗಿ ಬರ್ತಾರ. ಅಷ್ಟರಾಗ ಆಗಬೇಕ್ರಿ.”

“ಆಗುತ್ತೆ ಬಿಡಿ. ಎರಡು ಗಂಟೆ ಕೆಲಸ.”

ಕ್ಯಾಬಿನೆಟ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಹಳೆಯ ಮದರ್‌ಬೋರ್ಡಿನ ಮೇಲೆ ನಾಲ್ಕಾರು ಕೆಪಾಸಿಟರುಗಳು ಉಬ್ಬಿ, ತಲೆ ಒಡೆದು, ಕಂದು ಅಂಟು ಇಳಿದು ಒಣಗಿತ್ತು. ವರ್ಷಗಟ್ಟಲೆಯ ಸೆಖೆ, ಧೂಳು. ಒಂದು ದಿನದಲ್ಲಿ ಆಗುವಂಥದ್ದಲ್ಲ.

ಶಿವಕಾಂತಾ ಪಕ್ಕದಲ್ಲಿ ಬಂದು ನಿಂತಳು. “ಸರ, ಗುರುವಾರ ಕರೆಂಟ್ ಹೋಗಿ ಬಂತು. ಇದು ಹಂಗೇ ನಿಂತುಬಿಡ್ತು. ನಾ ಪ್ಲಗ್ ಕಿತ್ತಿ ಮತ್ತ ಹಾಕಿದ್ನಿ. ಅದಕ್ಕೇ ಸುಟ್ಟದೇನ್ರಿ?”

ಮಧುಕರ್ ಸ್ಕ್ರೂ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ. “ಇರಬಹುದು ಮೇಡಂ. ಹಂಗೆಲ್ಲ ಕೀಳಬಾರದು,” ಎಂದ.

ಯೋಚಿಸಿ ಆಡಿದ ಮಾತಲ್ಲ. ಗಿರಾಕಿ ಕೇಳುತ್ತಾನೆ, ಏನಾದರೊಂದು ಹೇಳಬೇಕು. ಶಿವಕಾಂತಾ ಸುಮ್ಮನೆ ತಲೆಯಾಡಿಸಿ ಹೊರಗಿನ ಕೋಣೆಗೆ ಹೋದಳು.

ಅವನು ತಂದಿದ್ದ ಬೋರ್ಡು ಅದೇ ಕಾಲದ್ದು, ಆದರೆ ಬೇರೆ ಕಂಪನಿಯದು, ಅಳತೆಯಲ್ಲಿ ಸ್ವಲ್ಪ ಚಿಕ್ಕದು. ಹಳೆಯ ಪ್ರೊಸೆಸರು, ಹಳೆಯ ರ್‍ಯಾಮ್ ಅದಕ್ಕೆ ಹೊಂದುತ್ತಿದ್ದವು. ಹನ್ನೆರಡರ ಹೊತ್ತಿಗೆ ಎಲ್ಲ ಕೂಡಿಸಿ ಗುಂಡಿ ಒತ್ತಿದ. ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು. ಎರಡು ಕ್ಷಣ ಬಿಟ್ಟು ಮತ್ತೆ ಕಾಲು ಸುತ್ತು ತಿರುಗಿ ನಿಂತಿತು. ಪರದೆಯ ಮೇಲೆ ಏನೂ ಬರಲಿಲ್ಲ.

ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದ. ಒಂದನ್ನೇ ಹಾಕಿ ನೋಡಿದ, ಇನ್ನೊಂದನ್ನು ಹಾಕಿ ನೋಡಿದ. ಪ್ರೊಸೆಸರಿಗೆ ಹೋಗುವ ಕರೆಂಟಿನ ತಂತಿ ಕಿತ್ತು ಮತ್ತೆ ಚುಚ್ಚಿದ. ಹಾರ್ಡ್ ಡಿಸ್ಕ್ ಬಿಡಿಸಿಟ್ಟು ಬರೀ ಬೋರ್ಡಿಗೆ ಕರೆಂಟ್ ಕೊಟ್ಟ. ಅದೇ ಕಾಲು ಸುತ್ತು.

ಹಾರ್ಡ್ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಕಡತಗಳೆಲ್ಲ ಕಂಡವು. ಒಂದನ್ನೂ ತೆರೆಯಲಾಗಲಿಲ್ಲ. ಎಕ್ಸ್‌ರೇ ಯಂತ್ರದ ಜೊತೆ ಬಂದ ಪ್ರೋಗ್ರಾಮಿನಲ್ಲಿ ಮಾತ್ರ ಆ ಚಿತ್ರಗಳು ತೆರೆಯುತ್ತಿದ್ದವು, ಆ ಪ್ರೋಗ್ರಾಮು ಈ ಡಿಸ್ಕಿನಿಂದ ಶುರುವಾದ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಕೊನೆಗೆ ಎಸ್‌ಎಂಪಿಎಸ್ ಹೋಗಿರಬೇಕು, ಕರೆಂಟ್ ಹಂಚುವ ಆ ಡಬ್ಬಿಯನ್ನೇ ಬದಲಿಸಿ ನೋಡೋಣ ಎಂದು ಆಫೀಸಿನಿಂದ ಬೇರೆಯದನ್ನು ತರಿಸಿದ. ಅದು ಹಿಂಜವಾಡಿಯ ಟ್ರಾಫಿಕ್ ದಾಟಿ ಬರಲು ಎರಡು ಗಂಟೆ ಹಿಡಿಯಿತು.

ಆ ಎರಡು ಗಂಟೆ ಅವನು ಭೀಮಣ್ಣನ ಪಕ್ಕದಲ್ಲಿ ಕೂತ. ಭೀಮಣ್ಣ ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟ.

“ಉಣ್ರಿ ಅಣ್ಣಾರ. ನನ್ನ ಹೆಣ್ತಿ ಸಕ್ಕುಬಾಯಿ ಮುಂಜಾನಿ ನಾಕಕ್ಕೆದ್ದು ಬಡದಾಳ. ಮಷೀನ್ ಎಲ್ಲಿ ಓಡಿ ಹೋಗ್ತದ?”

“ನೀವು ತಿನ್ನಿ ಯಜಮಾನ್ರೇ.”

“ನಂಗ ಅರ್ಧ ರೊಟ್ಟಿ ಸಾಕ್ರಿ. ನುಂಗಲಿಕ್ಕೂ ಉಸಿರು ಬೇಕಲ್ಲ.” ಅವನು ನಗಲು ಹೋದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದ, “ಆಗ್ತದಲ್ರಿ? ಹೋದ ಸಲಾನೂ ಹಿಂಗೇ ಕಾಗದ ಇಲ್ಲ ಅಂತ ಹೊಳ್ಳಿ ಕಳಸಿದ್ರು.”

ಮಧುಕರ್ ರೊಟ್ಟಿ ಮುರಿದ.

ಹೊಸ ಎಸ್‌ಎಂಪಿಎಸ್ ಬಂದಾಗ ಮೂರು ಗಂಟೆ. ಹಾಕಿ ಗುಂಡಿ ಒತ್ತಿದ. ಕಾಲು ಸುತ್ತು.

ಸುಖೇಶನಿಗೆ ಫೋನ್ ಮಾಡಿ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಮೂಡುಬಿದಿರೆಯ ಸುಖೇಶ್ ಅವನ ಮೇಲಿನವನು. ದಿನಕ್ಕೆ ಹತ್ತು ಕಡೆ ಜನ ಕಳಿಸಿ, ಹತ್ತು ಕಡೆಯ ಬೈಗುಳ ಕೇಳುವವನು.

“ಬೋರ್ಡು ಡೆಡ್ ಅಂತ ಬರೆ ಮಾರಾಯ. ಬೇರೆ ಬರ್ಲಿಕ್ಕೆ ನಾಲ್ಕು ದಿನ. ಇಲ್ಲದಿದ್ರೆ ಅವರ ವೈರಿಂಗಿಗೆ ಅರ್ಥಿಂಗ್ ಇಲ್ಲ, ಅದ್ರಿಂದ ಹೋಯ್ತು ಅಂತ ಬರೆ. ಮೊನ್ನೆ ಆ ಹುಡುಗಿಯೇ ಪ್ಲಗ್ ಎಳೆದದ್ದಂತೆ ಅಲ್ವಾ? ಸಹಿ ಹಾಕಿಸಿಕೊಂಡು ಹೊರಡು. ಐದಕ್ಕೆ ಬಾಣೇರಿನಲ್ಲಿ ಇನ್ನೊಂದು ಕಾಲ್ ಉಂಟು.”

ಫೋನಿಟ್ಟು ಅವನು ಫಾರಮ್ಮು ತೆಗೆದ. ಹೊರಗಿನ ಕೋಣೆಯಲ್ಲಿ ಶಿವಕಾಂತಾ ಟ್ರಸ್ಟಿನ ಮ್ಯಾನೇಜರ ಜೊತೆ ಫೋನಿನಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದಳು. “ಹೋ ಸರ,” ಎನ್ನುತ್ತಿದ್ದಳು. “ಮಾಝೀಚ್ ಚೂಕ್ ಆಹೆ, ಸರ.” ಹೌದು ಸಾರ್, ನನ್ನದೇ ತಪ್ಪು. ಆಮೇಲೆ ದನಿ ಇನ್ನೂ ತಗ್ಗಿತು. ಕಂಪನಿಯವರೂ ಅದನ್ನೇ ಹೇಳಿದರು, ಹಾಗೆಲ್ಲ ಕೀಳಬಾರದಿತ್ತಂತೆ, ಎಂದಳು.

ಮಧುಕರ್ ಪೆನ್ನು ಹಿಡಿದು ಕೂತೇ ಇದ್ದ. ಎದ್ದು ಮತ್ತೊಂದು ಸಲ ನೋಡುವ ಶಕ್ತಿ ಅವನಲ್ಲಿ ಇರಲಿಲ್ಲ. ಸಹಿ ಹಾಕಿಸಿಕೊಂಡು ಬೈಕು ಹತ್ತಿದರೆ ಮುಗಿಯಿತು. ಆದರೆ ಬೋರ್ಡು ಸತ್ತಿದೆ ಎಂದು ಬರೆಯುವ ಮೊದಲು ಅದನ್ನು ಹೊರಗೆ ತೆಗೆದು ನೋಡಬೇಕು. ಹೊಸ ಹುಡುಗರಿಗೆ ಇದನ್ನು ಕಲಿಸುತ್ತಿದ್ದವನು ಅವನೇ. ಬೈದುಕೊಳ್ಳುತ್ತಲೇ ಎದ್ದ.

ಬೋರ್ಡು ಬಿಚ್ಚಿ ಅದರ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದ. ತಂತಿ ಚುಚ್ಚಿ, ಗುಂಡಿ ಒತ್ತುವ ಬದಲು ಬೋರ್ಡಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತಾಗಿಸಿದ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಪೀಂ ಎಂದು ಒಂದು ಸದ್ದಾಗಿ ಪರದೆಯ ಮೇಲೆ ಅಕ್ಷರಗಳು ಮೂಡಿದವು.

ಬೋರ್ಡು ಚೆನ್ನಾಗಿಯೇ ಇತ್ತು. ಹಾಗಾದರೆ ಕ್ಯಾಬಿನೆಟ್ಟಿನ ಒಳಗೇ ಏನೋ ತಾಗುತ್ತಿದೆ. ಮೊಬೈಲಿನ ಬೆಳಕು ಬಿಟ್ಟು ನೋಡಿದ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯಲು ಕೆಳಗೆ ಹಿತ್ತಾಳೆಯ ಚಿಕ್ಕ ಕಾಲುಗಳಿರುತ್ತವೆ. ಹಳೆಯ ಬೋರ್ಡಿಗೆ ಒಂಬತ್ತು ಬೇಕಿದ್ದವು, ಹೊಸದಕ್ಕೆ ಎಂಟೇ. ಒಂಬತ್ತನೆಯದನ್ನು ಅವನು ತೆಗೆದಿರಲಿಲ್ಲ. ಅದು ಬೋರ್ಡಿನ ಬೆನ್ನಿಗೆ ಒತ್ತಿ ಶಾರ್ಟ್ ಮಾಡುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಕಲಿತ ಪಾಠ. ಬೋರ್ಡು ಕೂಡಿಸುವ ಮುಂಚೆ ಕಾಲು ಎಣಿಸು.

ಅವನು ಆ ಕಾಲನ್ನು ತಿರುಗಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಯಾರೂ ನೋಡಲಿಲ್ಲ. ಎಸ್‌ಎಂಪಿಎಸ್ ಹೋಗಿತ್ತು, ಬದಲಿಸಿದೆ ಎಂದರೆ ಎಲ್ಲರೂ ನಂಬುತ್ತಿದ್ದರು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಬೋರ್ಡು ಮತ್ತೆ ಕೂಡಿಸಿದ ಮೇಲೆ ಕಂಪ್ಯೂಟರು ಎಚ್ಚರವಾಯಿತು, ಆದರೆ ಹಾರ್ಡ್ ಡಿಸ್ಕಿನಿಂದ ಶುರುವಾಗಲು ಒಪ್ಪಲಿಲ್ಲ. ಡಿಸ್ಕ್ ಹಳೆಯ ಕ್ರಮದ್ದು, ಬೋರ್ಡು ಹೊಸ ಕ್ರಮದಲ್ಲಿ ಹುಡುಕುತ್ತಿತ್ತು. ಬೋರ್ಡಿನದೇ ಸೆಟ್ಟಿಂಗಾದ ಬಯೋಸಿಗೆ ಹೋಗಿ ಹಳೆಯ ಕ್ರಮಕ್ಕೆ ಬದಲಿಸಿದ. ವಿಂಡೋಸಿನ ಗುರುತು ಬಂತು, ಹಿಂದೆಯೇ ನೀಲಿ ಪರದೆ ಬಿತ್ತು. ಮತ್ತೆ ಶುರು, ಮತ್ತೆ ನೀಲಿ. ಬಾಗಿಲಲ್ಲಿ ಶಿವಕಾಂತಾ, ಅವಳ ಹಿಂದೆ ಗೋಡೆ ಹಿಡಿದು ಭೀಮಣ್ಣ.

“ಏನ್ ಅನ್ಲತ್ತದ್ರಿ ಅದು?” ಎಂದಳು ಶಿವಕಾಂತಾ.

“ಡಿಸ್ಕ್ ಜೊತೆ ಮಾತಾಡೋಕೆ ಬರ್ತಿಲ್ಲ ಅಂತಿದೆ. ಇನ್ನೊಂದು ಸಲ ನೋಡ್ತೀನಿ.”

ಡಿಸ್ಕ್ ಓದುವ ರೀತಿಯನ್ನು ಸೆಟ್ಟಿಂಗಿನಲ್ಲಿ ಬದಲಿಸಿದ. ಈ ಸಲ ನೀಲಿ ಪರದೆ ಬರಲಿಲ್ಲ. ಚುಕ್ಕಿಗಳು ಬಹಳ ಹೊತ್ತು ಸುತ್ತಿದವು. ಐದಕ್ಕೆ ಹತ್ತು ನಿಮಿಷವಿದ್ದಾಗ ಡೆಸ್ಕ್‌ಟಾಪು ತೆರೆದುಕೊಂಡಿತು.

ಬಾಣೇರಿನ ಕಾಲ್ ಅಲ್ಲಿಗೆ ತಪ್ಪಿತು.

ಡಾಕ್ಟರ್ ಶರ್ವರಿ ಬಂದಾಗ ಶಿವಕಾಂತಾ ಭೀಮಣ್ಣನ ಹೆಸರು ಹುಡುಕುತ್ತಿದ್ದಳು. ಮೂರು ವರ್ಷದ ಮೂರು ಚಿತ್ರಗಳನ್ನು ಡಾಕ್ಟರು ಸಾಲಾಗಿ ಇಟ್ಟರು. ಮಧುಕರ್‌ಗೆ ಎಕ್ಸ್‌ರೇ ಓದಲು ಬರುತ್ತಿರಲಿಲ್ಲ. ಆದರೂ ಮೊದಲ ಚಿತ್ರದಲ್ಲಿ ಸಾಸಿವೆಯಷ್ಟಿದ್ದ ಬಿಳಿ ಚುಕ್ಕಿಗಳು ಮೂರನೆಯದರಲ್ಲಿ ಒಂದಕ್ಕೊಂದು ಕೂಡಿ ಹರಡಿದ್ದು ಅವನಿಗೂ ಕಂಡಿತು. ಭೀಮಣ್ಣ ತನ್ನ ಎದೆಯನ್ನು ತಾನೇ ನೋಡುತ್ತ ನಿಂತಿದ್ದ.

ಡಾಕ್ಟರು ವರದಿ ಬರೆಯಲು ಕೂತರು. ಶಿವಕಾಂತಾ ಅವರಿಗೆ ಮರಾಠಿಯಲ್ಲಿ, ತನ್ನಿಂದಾಗಿ ಇಷ್ಟು ತಡವಾಯಿತು, ಇನ್ನು ಮುಂದೆ ಪ್ಲಗ್ ಮುಟ್ಟುವುದಿಲ್ಲ ಎಂದು ಹೇಳತೊಡಗಿದಳು.

“ಮೇಡಂ, ಒಂದು ನಿಮಿಷ,” ಎಂದ ಮಧುಕರ್. ಜೇಬಿನಿಂದ ಹಿತ್ತಾಳೆಯ ಕಾಲು ತೆಗೆದು ಮೇಜಿನ ಮೇಲಿಟ್ಟ. “ಇವತ್ತು ತಡ ಆಗಿದ್ದು ನನ್ನಿಂದ. ಇದನ್ನ ತೆಗೀಬೇಕಿತ್ತು, ಮರೆತೆ. ಹನ್ನೆರಡು ಗಂಟೆಗೇ ಶುರು ಆಗ್ಬೇಕಿತ್ತು.”

ಶಿವಕಾಂತಾ ಅದನ್ನೂ ಅವನನ್ನೂ ನೋಡಿದಳು.

“ಇನ್ನೊಂದು. ಹಳೇ ಬೋರ್ಡು ನೀವು ಪ್ಲಗ್ ಕಿತ್ತಿದ್ದಕ್ಕೆ ಹೋಗಿಲ್ಲ. ಅದು ಸುಮಾರು ವರ್ಷದಿಂದ ಕೆಡ್ತಾ ಬಂದಿತ್ತು. ಬೆಳಿಗ್ಗೆ ನಾನು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

“ಸುಮ್ನ ಹೇಳಿದ್ರೇನ್ರಿ?” ಅವಳ ದನಿ ಏರಿತು. “ಮುಂಜಾನಿಂದ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ಯದ. ನೌಕರಿ ಹೋಗ್ತದ ಅಂತ ತಿಳದಿದ್ನಿ. ಈ ಮನಷ್ಯಾನ ಮುಖ ನೋಡಲಿಕ್ಕಾಗದೆ ಒಳಗ ಹೊರಗ ತಿರಗ್ಲತ್ತೀನಿ. ನೀವು ಸುಮ್ನ ಹೇಳಿದ್ರಿ!”

“ತಪ್ಪಾಯ್ತು.”

“ತಪ್ಪಾಯ್ತು ಅಂದ್ರ ಆಗಲ್ರಿ. ಬರದು ಕೊಡ್ರಿ. ಪ್ಲಗ್ ಕಿತ್ತಿದ್ದಕ್ಕ ಆಗಿಲ್ಲ ಅಂತ ನಿಮ್ಮ ಫಾರಮಿನ್ಯಾಗ ಬರೀರಿ. ನಾ ಮ್ಯಾನೇಜರಿಗಿ ಕಳಸ್ತೀನಿ.”

ಅವನು ಬರೆದ. ಬೋರ್ಡು ಹಳತಾಗಿ ಕೆಟ್ಟಿತ್ತು, ಬಳಸಿದವರ ತಪ್ಪಿಲ್ಲ. ಜೋಡಣೆಯಲ್ಲಿ ತಂತ್ರಜ್ಞನ ತಪ್ಪಿನಿಂದ ತಡವಾಯಿತು. ಕೆಳಗೆ ತನ್ನ ಹೆಸರು. ಅವಳು ಅದನ್ನು ಎರಡು ಸಲ ಓದಿ, ಫೋಟೋ ತೆಗೆದುಕೊಂಡಳು. ಆಮೇಲೆ ಅವನಿಗೊಂದು ಗ್ಲಾಸು ನೀರು ತಂದಿಟ್ಟಳು. ಭೀಮಣ್ಣ ವರದಿಯ ಲಕೋಟೆಯನ್ನು ಎದೆಗವಚಿಕೊಂಡು, “ಆತಲ್ರಿ, ಬಿಡ್ರಿ,” ಎಂದು ಎರಡೂ ಕಡೆಗೆ ಹೇಳಿದ.

ಮಧುಕರ್ ಆ ಸಂಜೆಯೇ ಸುಖೇಶನಿಗೆ ಫಾರಮ್ಮು ಕಳಿಸಿದ. “ಇದನ್ನೆಲ್ಲ ಯಾರು ಬರೀಲಿಕ್ಕೆ ಹೇಳಿದ್ದು ಮಾರಾಯ?” ಎಂದು ಸುಖೇಶ್ ಕೂಗಾಡಿದ. ವಿಷಯ ಮೇಲಿನವರಿಗೆ ಹೋಯಿತು. ಮಧುಕರ್‌ಗೊಂದು ಎಚ್ಚರಿಕೆಯ ಪತ್ರ ಬಂತು, ಜೊತೆಗೆ ಎರಡು ದಿನದ ತರಬೇತಿಗೆ ಮತ್ತೆ ಕೂರಬೇಕೆಂಬ ಆಜ್ಞೆ. ತರಬೇತಿ ಕೊಡುತ್ತಿದ್ದ ಕಿಶೋರ ಅವನಿಗಿಂತ ಏಳು ವರ್ಷ ಚಿಕ್ಕವನು. ಎರಡನೇ ದಿನ ಮಧ್ಯಾಹ್ನ ಮಧುಕರ್ ಕೂತಲ್ಲೇ ನಿದ್ದೆ ಹೋದ. ಕಿಶೋರ ಎಬ್ಬಿಸಲಿಲ್ಲ.

ಮೂರು ವಾರದ ಮೇಲೆ ಅವನು ಹಿಂಜವಾಡಿಯ ಯಾವುದೋ ಆಫೀಸಿನಲ್ಲಿ ಮೇಜಿನ ಕೆಳಗೆ ತಂತಿ ಎಳೆಯುತ್ತಿದ್ದಾಗ ಶಿವಕಾಂತಾಳ ಫೋನು ಬಂತು. ಮತ್ತೆ ಏನೋ ಕೆಟ್ಟಿರಬೇಕೆಂದುಕೊಂಡೇ ಅವನು ಫೋನೆತ್ತಿದ.

“ಮಷೀನ್ ಛಲೋ ಅದ್ರಿ,” ಎಂದಳು ಅವಳು ಮೊದಲೇ. “ಭೀಮಣ್ಣಾರ ಸುದ್ದಿ ಹೇಳಬೇಕಂತ ಮಾಡಿದ್ನಿ. ಮೆಡಿಕಲ್ ಬೋರ್ಡಿನವ್ರು ಫೋಟೋ ಎಲ್ಲಾ ತಗೊಂಡ್ರು. ಧೂಳಿಂದೇ ಅಂತ ಒಪ್ಪ್ಯಾರ. ಬರದು ಕೊಡಲಿಕ್ಕ ಇನ್ನೊಬ್ಬ ಡಾಕ್ಟರ್ ಸಹಿ ಬೇಕಂತ. ಮುಂದಿನ ತಿಂಗಳು ಮತ್ತ ಕರದಾರ.”

“ಮತ್ತೆ ಹೋಗ್ಬೇಕಾ? ಅವರ ಕೈಲಿ ಆಗುತ್ತಾ?”

“ಆಗಲ್ರಿ. ಆದ್ರೂ ಹೋಗ್ತಾರ. ಸಕ್ಕುಬಾಯಿ, ನಾನು ಇಬ್ಬರೂ ಜೋಡಿ ಹೋಗ್ತೀವಿ.” ಆಮೇಲೆ ಹೇಳಿದಳು, “ಮ್ಯಾನೇಜರ್ ಸಾಹೇಬ್ರು ನಿಮ್ಮ ಕಾಗದ ಓದಿದ್ರು. ಏನೂ ಅನಲಿಲ್ಲ. ಆದ್ರ ಈಗ ಬ್ಯಾಕಪ್ಪಿಗಿ ಬ್ಯಾರೆ ಡಿಸ್ಕ್ ಕೊಡಸ್ಯಾರ.”

“ಒಳ್ಳೇದಾಯ್ತು ಬಿಡಿ.”

“ಅದನ್ನ ಹೆಂಗ ಹಚ್ಚಬೇಕು, ಸ್ವಲ್ಪ ಹೇಳ್ತೀರೇನ್ರಿ?”

ಮಧುಕರ್ ಮೇಜಿನ ಕೆಳಗೇ ಗೋಡೆಗೊರಗಿ ಕಾಲು ಚಾಚಿದ. “ಹೇಳ್ತೀನಿ,” ಎಂದ. “ಡಿಸ್ಕ್ ಕೈಯಲ್ಲಿದೆಯಾ? ಮೊದಲು ಕಂಪ್ಯೂಟರ್ ಹಿಂದುಗಡೆ ನೋಡಿ.”