ಭೀಮಕ್ಕನ ದನಿ, ಅಂಜಮ್ಮನ ಗಿಣ್ಣು

ನಮ್ಮೂರಲ್ಲಿ ಬೇಗ ವಾಸಿಯಾಗದ ಕಾಯಿಲೆಗೆಲ್ಲ ಒಂದೇ ಹೆಸರು: ಮದ್ದು. ಆಗದವರು ಯಾರೋ ತಿನ್ನುವುದರಲ್ಲಿ ಏನೋ ಬೆರೆಸಿ ಕೊಟ್ಟಿದ್ದಾರೆ ಎಂದುಬಿಟ್ಟರೆ ಮುಗಿಯಿತು. ಆಮೇಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೇರೆಯವರನ್ನೇಕೆ ಅನ್ನಲಿ, ಮಹಿಳಾ ಸಂಘದಲ್ಲಿ ಕೂತು ಹೌದೌದು ಎಂದು ತಲೆಯಾಡಿಸಿದವಳು ನಾನೂ ಇದ್ದೇನೆ.

ಕತ್ತಲಗೆರೆ ರಸ್ತೆಯಲ್ಲಿ ಭೀಮಕ್ಕನ ಹಿಟ್ಟಿನ ಗಿರಣಿ ಇದೆ. ಗಿರಣಿಯ ಸದ್ದಿಗಿಂತ ಅವಳ ದನಿ ಒಂದು ಕೈ ಮೇಲು. "ಯಾರದ್ರೀ ಈ ಡಬ್ಬಿ?" ಎಂದು ಕೂಗಿದರೆ ಬಸ್ಸಿಗೆ ನಿಂತವರೂ ತಿರುಗಿ ನೋಡುತ್ತಿದ್ದರು. ಅಂಥ ದನಿ ಒಂದು ದಿನ ಒಡೆದು ಗೊರಗೊರ ಎನ್ನತೊಡಗಿತು. ಶುಂಠಿ ಕಷಾಯ ಆಯಿತು, ಅರಿಶಿನದ ಹಾಲು ಆಯಿತು. ತಿಂಗಳಾದರೂ ದನಿ ಬರಲಿಲ್ಲ.

ದನಿ ಕೆಡುವ ಹಿಂದಿನ ದಿನ ಅವಳು ತಿಂದದ್ದು ಅಂಜಮ್ಮನ ಮನೆಯ ಗಿಣ್ಣು. ಅಂಜಮ್ಮ ಎದುರು ಮನೆಯವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಅಂದಿನಿಂದ ಗೆಳತಿಯರು. ಎಮ್ಮೆ ಈದಿದೆ ಎಂದು ಅವಳು ಪ್ರೀತಿಯಿಂದ ಒಂದು ಬಟ್ಟಲು ಗಿಣ್ಣು ಕಳಿಸಿದ್ದಳು. ಭೀಮಕ್ಕನ ಗಂಡ ಬೋರಣ್ಣನಿಗೆ ಅಷ್ಟೇ ಸಾಕಾಯಿತು. ಆ ಬಟ್ಟಲನ್ನು ತೊಳೆದು, ಒಂದು ಹರಳು ಸಕ್ಕರೆಯನ್ನೂ ಹಾಕದೆ, ಬರಿದಾಗಿ ಅಂಜಮ್ಮನ ಜಗಲಿಯ ಮೇಲಿಟ್ಟು ಬಂದ. ನಮ್ಮಲ್ಲಿ ಬರಿ ಬಟ್ಟಲು ವಾಪಸ್ ಕೊಡುವುದೆಂದರೆ ನಂಟು ಮುರಿದಂತೆ, ನಿಮಗೂ ಗೊತ್ತು. ಅಂಜಮ್ಮ ಅವತ್ತು ಊಟ ಮಾಡಲಿಲ್ಲ.

ಭಾನುವಾರ ಭೀಮಕ್ಕನನ್ನು ಮದ್ದು ತೆಗೆಯುವವನ ಹತ್ತಿರ ಕರೆದೊಯ್ಯುವುದು ಎಂದಾಯಿತು. ಅವನು ಏನೋ ಕುಡಿಸಿ ವಾಂತಿ ಮಾಡಿಸುತ್ತಾನೆ.

ಶುಕ್ರವಾರ ನಾನು ರಾಗಿ ಬೀಸಿಸಲು ಹೋದಾಗ ನಮ್ಮ ಉಪಕೇಂದ್ರದ ಆರೋಗ್ಯ ಅಧಿಕಾರಿ ಸಂಘಮಿತ್ರಾ ಗಿರಣಿಗೆ ಬಂದಿದ್ದರು. ಭೀಮಕ್ಕನನ್ನು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರು.

"ಡಾಕ್ಟ್ರಿಗೆ ಇದು ಗೊತ್ತಾಗಲ್ಲ ಬಿಡ್ರೀ ಮೇಡಂ. ಗಿಣ್ಣಾಗೆ ಮದ್ದು ಹಾಕಿ ಕೊಟ್ಟಾರೆ," ಎಂದ ಬೋರಣ್ಣ.

"ಆಗ್ಲಿ ಬೋರಣ್ಣ. ಮೊದ್ಲು ನಿಮ್ಮ ಗಂಟ್ಲ ಮೇಲೆ ಕೈ ಇಟ್ಕಂಡು 'ಮ್ಮ್ಮ್' ಅನ್ರಿ."

ಬೋರಣ್ಣ ಅಂದ. ಅವನ ಕಣ್ಣು ಅರಳಿತು. "ಅರೆ! ನಮ್ಮ ಗಿರಣಿ ನಡುಗಿದಂಗೆ ನಡುಗ್ತೈತೆ!"

"ಈಗ ಬರೇ ಉಸಿರು ಬಿಡ್ರಿ."

"ಏನೂ ಇಲ್ಲ."

"ಆ ನಡುಕಾನೇ ನಮ್ಮ ದನಿ. ಗಂಟ್ಲಾಗೆ ಎರಡು ಸಣ್ಣ ಪಟ್ಟಿ ಅದಾವೆ, ಧ್ವನಿತಂತು ಅಂತಾರೆ. ಎದೆಯಿಂದ ಬರೋ ಉಸಿರು ಅವುಗಳ ನಡುವೆ ನುಗ್ಗಿದ್ರೆ ನಡುಗ್ತಾವೆ. ಹೆಣ್ಮಕ್ಕಳಿಗೆ ಸೆಕೆಂಡಿಗೆ ಹೆಚ್ಚುಕಮ್ಮಿ ಇನ್ನೂರು ಸಲ. ಆ ಸದ್ದನ್ನ ನಾಲಿಗೆ, ತುಟಿ ಸೇರಿ ಮಾತು ಮಾಡ್ತಾವೆ."

ಗಿರಣಿ ಪಕ್ಕದ ತೆಂಗಿನ ಸಸಿಯಿಂದ ಒಂದು ಗರಿ ಕಿತ್ತು ಮೇಡಂ ಪೀಪಿ ಸುತ್ತಿದರು. ಊದಿದರೆ ಜೋರಾಗಿ ಪೀ ಎಂದಿತು. ಆಮೇಲೆ ಒಂದು ಚಿಟಿಕೆ ಹಿಟ್ಟಿಗೆ ನೀರು ಮುಟ್ಟಿಸಿ ಪೀಪಿಯ ತುದಿಗೆ ಮೆತ್ತಿ ಊದಿದರು. ಗೊರಗೊರ, ಥೇಟ್ ಭೀಮಕ್ಕನ ದನಿ!

"ಪೀಪಿಗೆ ಯಾರು ಮದ್ದು ಹಾಕಿದ್ರು ಬೋರಣ್ಣ?"

ಬೋರಣ್ಣ ಸೋಲುವವನಲ್ಲ. "ಆದ್ರೂ ಗಿಣ್ಣು ತಿಂದ ಮಾರನೇ ದಿನಾನೇ ಹಿಂಗಾತಲ್ರೀ?"

"ತಿಂದಿದ್ದು ಅನ್ನನಾಳದಾಗೆ ಹೋಗ್ತೈತೆ. ದನಿ ಇರಾದು ಉಸಿರಿನ ದಾರಿಯಾಗೆ. ಅಲ್ಲಿಗೆ ಒಂದು ಅಗುಳು ತಪ್ಪಿ ಹೋದ್ರೂ ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಸಾಯ್ತೀವಿ. ಗಿಣ್ಣು ಅಲ್ಲಿ ಸುಮ್ನೆ ಒಂದು ತಿಂಗಳು ಕೂತಿರ್ತೈತಾ? ಮೇಲಾಗಿ ವಾಂತಿ ಮಾಡಿಸಿದ್ರೆ ಹೊಟ್ಟೆಯ ಹುಳಿ ಬಂದು ಗಂಟ್ಲು ಇನ್ನೂ ಸುಡ್ತೈತೆ."

ಬೋರಣ್ಣ ತನ್ನ ಗಂಟಲನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಮೇಡಂ ಭೀಮಕ್ಕನ ಕೈ ಹಿಡಿದುಕೊಂಡರು. "ಕೂಗಿ ಕೂಗಿ ಹಿಂಗಾಗಿರಬಹುದು. ಅಪರೂಪಕ್ಕೆ ಕೆಟ್ಟ ಗಡ್ಡೆನೂ ಇರ್ತೈತೆ. ದನಿ ಮೂರು ವಾರ ಕೆಟ್ಟಿದ್ರೆ ಡಾಕ್ಟ್ರು ನೋಡಲೇಬೇಕು ಅಕ್ಕ."

ಮಾರನೇ ದಿನವೇ ಬೋರಣ್ಣ, ಭೀಮಕ್ಕ, ನಾನು ದಾವಣಗೆರೆಗೆ ಹೊರಟೆವು. ಬಸ್ಸಿನಲ್ಲಿ ಭೀಮಕ್ಕ ನನ್ನ ಕೈ ಬಿಡಲಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಒಳಗಿನದನ್ನು ಟಿವಿಯಲ್ಲಿ ತೋರಿಸಿದರು. ಎರಡು ಬಿಳಿ ಪಟ್ಟಿ, ಅವುಗಳ ಅಂಚಿನಲ್ಲಿ ರವೆ ಕಾಳಿನಷ್ಟು ಎರಡು ಉಬ್ಬು.

"ಕ್ಯಾನ್ಸರ್ ಅಲ್ಲಮ್ಮ," ಎಂದರು ಡಾಕ್ಟರು. "ಗುದ್ದಲಿ ಹಿಡಿದ್ರೆ ಕೈ ಜಡ್ಡುಗಟ್ಟಲ್ವಾ? ಹಾಗೇ ಇದು. ಕೂಗಬೇಡಿ, ಪಿಸುಗುಟ್ಟಲೂಬೇಡಿ. ಒಂದು ವಾರ ಮಾತೇ ಬೇಡ. ನೀರು ಚೆನ್ನಾಗಿ ಕುಡೀರಿ. ಆಮೇಲೆ ದನಿಯ ವ್ಯಾಯಾಮ ಹೇಳಿಕೊಡ್ತೀವಿ."

ಅಬ್ಬಾ! ನಮಗೆಲ್ಲ ಹೋದ ಜೀವ ಬಂದಂತಾಯಿತು. ಬೋರಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಾಟಲಿ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದ.

ಅವತ್ತು ಸಂಜೆ ಭೀಮಕ್ಕ ಎದುರು ಮನೆಯ ಬಾಗಿಲಲ್ಲಿ ನಿಂತಳು. ಅಂಜಮ್ಮ ಹೊರಗೆ ಬಂದಳು. ಭೀಮಕ್ಕ ಮುಚ್ಚಿದ್ದ ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಸಕ್ಕರೆ. ಏನೋ ಹೇಳಲು ಬಾಯಿ ತೆರೆದಳು, ಕಣ್ಣು ತುಂಬಿ ಬಂತು.

ಅಂಜಮ್ಮ ಓಡಿ ಹೋಗಿ ಅದೇ ಬಟ್ಟಲನ್ನು ತಂದು ಒಡ್ಡಿದಳು. "ಸುಮ್ನಿರೇ, ಮಾತಾಡಬ್ಯಾಡ ಅಂದಾರಂತೆ ಡಾಕ್ಟ್ರು. ಇವತ್ತು ಬೈಯೋದೆಲ್ಲ ನಂದೇ. ಕೂತ್ಕಂಡು ಕೇಳು!" ಎಂದು ಗೆಳತಿಯನ್ನು ತಬ್ಬಿಕೊಂಡು ಅತ್ತಳು. ಬೋರಣ್ಣ ತಪ್ಪಾಯಿತೆಂದು ಕೈ ಮುಗಿದ. ಅವನಿಗೂ ಸಾಕಷ್ಟು ಬೈಗುಳ ಸಿಕ್ಕಿತು, ಮೇಲೊಂದು ಲೋಟ ಮಜ್ಜಿಗೆಯೂ ಸಿಕ್ಕಿತು.

ಈಗ ಭೀಮಕ್ಕ ಮಾತಾಡುವ ಮೊದಲು ಮೋಟಾರು ಆರಿಸುತ್ತಾಳೆ. ಡಬ್ಬಿಗಳ ಮೇಲೆ ಹೆಸರಿನ ಚೀಟಿ ಇರುತ್ತದೆ, ಹಿಟ್ಟಿನ ಧೂಳು ಹೋಗದಂತೆ ಅವಳ ಮೂಗು ಬಾಯಿಗೆ ಬಟ್ಟೆ. ಮೂರು ತಿಂಗಳಲ್ಲಿ ದನಿ ತಿಳಿಯಾಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗಲೇ ನಿಮ್ಮ ಗಂಟಲ ಮೇಲೆ ಕೈಯಿಟ್ಟು ಒಮ್ಮೆ 'ಮ್ಮ್ಮ್' ಅನ್ನಿ. ಆ ನಡುಕವನ್ನು ಕಾಪಾಡಿಕೊಳ್ಳಿ. ಮೂರು ವಾರ ದನಿ ಒಡೆದೇ ಇದ್ದರೆ ನೇರವಾಗಿ ಡಾಕ್ಟರ ಹತ್ತಿರ ಹೋಗಿ. ಮದ್ದಿನ ಮಾತು ನಂಬಿ ಯಾರ ಬಟ್ಟಲನ್ನೂ ಬರಿದಾಗಿ ವಾಪಸ್ ಕಳಿಸಬೇಡಿ.